ಜಪಸರದ ಕೊನೆಯ ಹತ್ತು ಮಣಿ

ಮದುವೆಯಾಗಿ ಚಂದಕವಾಡಿಗೆ ಬಂದಾಗ ನನ್ನ ಪೆಟ್ಟಿಗೆಯಲ್ಲಿ ಆರು ಸೀರೆ, ಒಂದು ಜಪಸರ, ಒಂದು ನೋಟುಪುಸ್ತಕ ಇದ್ದವು. ದಿನಕ್ಕೆಷ್ಟು ಜಪ ಹೇಳಿದೆ, ಯಾವ ಶುಕ್ರವಾರ ಉಪವಾಸವಿದ್ದೆ ಎಂದು ಬರೆದಿಡುವ ಪುಸ್ತಕ ಅದು. ನಗಬೇಡಿ, ಕಾನ್ವೆಂಟಿನಲ್ಲಿ ಕಲಿತ ಅಭ್ಯಾಸ. ಪುಸ್ತಕ ತುಂಬಿದರೆ ಹೊಸದು ಬರುತ್ತಿತ್ತು. ಹಾಲಿನ ಲೆಕ್ಕದ ಪಕ್ಕದಲ್ಲೇ ದೇವರ ಲೆಕ್ಕ.

ನಮ್ಮ ಬೀದಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಭಾನುವಾರ ಚಾಮರಾಜನಗರದ ಬಸ್ಸು ಹಿಡಿದು ಬಲಿಪೂಜೆಗೆ ಹೋಗುವ ನನ್ನನ್ನು ಅಕ್ಕಪಕ್ಕದವರು ದೊಡ್ಡ ಭಕ್ತೆ ಎಂದುಕೊಂಡಿದ್ದರು. ನನಗೂ ಅದು ಹಿತವಾಗಿಯೇ ಇತ್ತು.

ನಮ್ಮತ್ತೆ ಓದಿದವರಲ್ಲ. 1962ರಿಂದ 65ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯವಷ್ಟೇ ನಮ್ಮ ಪೂಜೆಗೆ ಕನ್ನಡ ಬಂದದ್ದು. ಅದಕ್ಕೂ ಹಿಂದಿನ ಲ್ಯಾಟಿನ್ ಮಾತುಗಳು ಅತ್ತೆಯ ಬಾಯಲ್ಲಿ ಸವೆದು ಸವೆದು ಯಾವ ಭಾಷೆಯೂ ಅಲ್ಲದಂತೆ ಉಳಿದಿದ್ದವು. ಅರಿಶಿನ ಬೇಯಿಸುವಾಗ ಅದನ್ನೇ ಗುನುಗುತ್ತಿದ್ದರು. ಅರ್ಥ ತಿಳಿಯದ ಭಕ್ತಿ ಎಂದು ನನಗೆ ಒಳಗೊಳಗೇ ಕನಿಕರ.

ನಮ್ಮ ಕಡೆ ಅರಿಶಿನದ ಕೆಲಸವೂ ತಪಸ್ಸುಕಾಲವೂ ಒಟ್ಟಿಗೇ ಬರುತ್ತವೆ. ಮುಂಗಾರಿಗೆ ನೆಟ್ಟ ಗಡ್ಡೆ ಎಂಟೊಂಬತ್ತು ತಿಂಗಳು ನೆಲದಲ್ಲಿದ್ದು, ಜನವರಿಯಿಂದ ಮಾರ್ಚಿಯೊಳಗೆ ಅಗೆತಕ್ಕೆ ಬರುತ್ತದೆ. ಕೊಪ್ಪರಿಗೆಯಲ್ಲಿ ಬೇಯಿಸಿ, ಹತ್ತು ಹದಿನೈದು ದಿನ ಬಿಸಿಲಿಗೆ ಹಾಕಿ, ಆಮೇಲೆ ಉಜ್ಜಿ ಹೊಳಪು ಕೊಡಬೇಕು. ಆಳುಗಳ ಅಡಿಗೆ, ಅಂಗಳದ ಕಾವಲು, ನಡುವೆ ನಲವತ್ತು ದಿನದ ವ್ರತ. 1998ರ ತಪಸ್ಸುಕಾಲದಲ್ಲಿ ಇದರ ಜೊತೆಗೆ ಅತ್ತೆ ಹಾಸಿಗೆ ಹಿಡಿದಿದ್ದರು.

ಬೆಳಗಿನ ಐದಕ್ಕೆ ನಾನು ಜಪಕ್ಕೆ ಕೂತರೆ ಸಾಕು, ಒಳಗಿನಿಂದ ಕೂಗು. ನೀರು ಬೇಕು, ಮಗ್ಗುಲು ತಿರುಗಿಸು, ಹೊತ್ತೆಷ್ಟು. ಪಿಶಾಚಿಯೇ ನನ್ನ ಪ್ರಾರ್ಥನೆ ಕೆಡಿಸಲು ಅತ್ತೆಯ ಗಂಟಲು ಸೇರಿದೆ ಎಂದು ನಿಜವಾಗಿಯೂ ಅನ್ನಿಸುತ್ತಿತ್ತು. ಒಂದು ದಿನ ಕೊನೆಯ ಹತ್ತು ಮಣಿ ಉಳಿದಿದ್ದಾಗ ಎರಡು ಸಲ ಕೂಗಿದರು. ನಾನು ಏಳಲಿಲ್ಲ. ಹತ್ತನ್ನೂ ನಿಧಾನವಾಗಿ, ಬೇಕೆಂದೇ ನಿಧಾನವಾಗಿ ಹೇಳಿ ಮುಗಿಸಿ ಹೋದೆ. ಅತ್ತೆ ನೆಲದ ಮೇಲಿದ್ದರು. ಸೀರೆ ಒದ್ದೆ, ಹಣೆ ಒಡೆದು ರಕ್ತ.

"ಕೂಗಬಾರ್ದಾಗಿತ್ತಾ ಅತ್ತೆ?" ಎಂದೆ. ಎಂಥ ಪ್ರಶ್ನೆ!

"ನಿನ್ ಜಪ ಮುಗೀಲಿ ಅಂತ ಸುಮ್ಕಾದೆ ಕನವ್ವ," ಎಂದರು.

ಆ ವಾರ ಪಾಪನಿವೇದನೆಗೆ ಹೋದವಳು ಸಣ್ಣಪುಟ್ಟವನ್ನೆಲ್ಲ ಮೊದಲು ಒಪ್ಪಿಸಿ ಇದನ್ನು ಕೊನೆಗೆ ಹೇಳಿದೆ. ಗುರುಗಳು ಬೈಯಲಿಲ್ಲ. "ಕೂಗಿದ್ದು ಕೇಳಿಸಿತ್ತೇನಮ್ಮ?" ಎಂದಷ್ಟೇ ಕೇಳಿದರು. ಕೇಳಿಸಿತ್ತು ಎಂದೆ. ಪ್ರಾಯಶ್ಚಿತ್ತಕ್ಕೆ ಜಪ ಕೊಡಲಿಲ್ಲ. ಲಿಸಿಯೂವಿನ ಸಂತ ತೆರೇಸಳ ಆತ್ಮಕಥೆ ಓದಿ ಎಂದರು.

ಫ್ರಾನ್ಸಿನ ಆ ಹುಡುಗಿ 1897ರಲ್ಲಿ ತೀರಿಕೊಂಡಾಗ ಅವಳಿಗೆ ಇಪ್ಪತ್ತನಾಲ್ಕೇ ವರ್ಷ. ನಮ್ಮ ಚಾಮರಾಜನಗರ ಜಿಲ್ಲೆಯಾದ 1997ರಲ್ಲೇ ಜಗದ್ಗುರು ಎರಡನೆಯ ಜಾನ್ ಪಾಲ್ ಅವಳಿಗೆ ಧರ್ಮಸಭೆಯ ಆಚಾರ್ಯ ಪದವಿ ಕೊಟ್ಟರು. ಅವಳು ಬರೆದದ್ದೋ ಬಟ್ಟೆ ಒಗೆಯುವ ವಿಚಾರ! ಎದುರು ಕೂತ ಸೋದರಿ ಕೊಳೆನೀರನ್ನು ಮುಖಕ್ಕೆ ಸಿಡಿಸುತ್ತಿದ್ದರೆ ಒರೆಸಿಕೊಳ್ಳದೆ ಸಹಿಸಿದಳಂತೆ. ಪ್ರಾರ್ಥನೆಯ ಹೊತ್ತಿನಲ್ಲಿ ಹಿಂದಿನವಳು ಮಾಡುವ ಸದ್ದಿಗೆ ಬೆವತುಹೋಗುತ್ತಿದ್ದಳಂತೆ. ಪ್ರಾರ್ಥನೆಯಲ್ಲಿ ತೂಕಡಿಸುತ್ತಿದ್ದಳಂತೆ. ಸಂತರಿಗೂ ಕಿರಿಕಿರಿಯಾಗುತ್ತದೆಂದು ತಿಳಿದು ನನಗೆ ಅಳು ಬಂತು.

ಅತ್ತೆ ಮತ್ತೆ ಏಳು ತಿಂಗಳಿದ್ದರು. ನಾನು ಒಮ್ಮೆಗೇ ಒಳ್ಳೆಯವಳಾದೆ ಎಂದರೆ ಸುಳ್ಳು. ದುಪ್ಪಟಿ ಒಗೆಯುತ್ತ ಎಷ್ಟೋ ಸಲ ಗೊಣಗಿದ್ದೇನೆ. ಆದರೆ ಜಪಕ್ಕೆ ಅತ್ತೆಯ ಮಂಚದ ಕಾಲ ಬಳಿಯೇ ಕೂರತೊಡಗಿದೆ. ಅವರು ತಮ್ಮ ಹರಕು ಲ್ಯಾಟಿನ್‌ನಲ್ಲಿ ಜೊತೆಗೂಡುವರು. ಇದರರ್ಥ ಏನವ್ವ ಎಂದು ಒಮ್ಮೆ ಕೇಳಿದರು. ಅರ್ಧಕ್ಕರ್ಧ ನನಗೂ ಗೊತ್ತಿರಲಿಲ್ಲ.

ಆ ನೋಟುಪುಸ್ತಕ ಈಗಲೂ ಇದೆ. ಲೆಕ್ಕ ವ್ರತದ ಇಪ್ಪತ್ತಮೂರನೆಯ ದಿನಕ್ಕೆ ನಿಂತಿದೆ. ಅಲ್ಲಿಂದಾಚೆಗೆ ನಮ್ಮವರ ಕೈಬರಹ: ಅರಿಶಿನ ಬೇಯಿಸಿದ ಆಳುಗಳ ಕೂಲಿ.