ಎರಡು ಹೊತ್ತಿನ ಹಾಲಿನ ನಡುವೆ

ರಣಜಿ ಟ್ರೋಫಿಯ ವೇಳಾಪಟ್ಟಿ ಬಂದ ದಿನ ನನ್ನ ಕಣ್ಣು ಮೊದಲು ಹುಡುಕುವುದು ಮೈಸೂರು ಎಂಬ ಹೆಸರನ್ನು. ಎದುರಾಳಿ ತಂಡ ಯಾವುದಾದರೂ ಸರಿ. ಕರ್ನಾಟಕದ ತವರಿನ ಪಂದ್ಯಗಳು ಬೆಂಗಳೂರು, ಆಲೂರು, ಹುಬ್ಬಳ್ಳಿ, ಶಿವಮೊಗ್ಗ ಎಂದು ಹಂಚಿಹೋಗುತ್ತವೆ. ಮೈಸೂರಿನ ಪಾಲಿಗೆ ಪ್ರತಿ ವರ್ಷ ಒಂದು ಬಂದೇ ಬರುತ್ತದೆಂಬ ಖಾತ್ರಿಯಿಲ್ಲ. ಬಂದ ವರ್ಷ ತೊಣ್ಣೂರಿನ ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಆ ನಾಲ್ಕು ದಿನಗಳ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯುತ್ತೇನೆ. ಪೆನ್ನಿನಿಂದ ಎಳೆಯುವ ಧೈರ್ಯ ಬರುವುದು ಮನೆಮಂದಿಯೆಲ್ಲ ಒಪ್ಪಿದ ಮೇಲೆ.

ಪಂದ್ಯ ನೋಡುವುದು ಎಷ್ಟು ಇಷ್ಟವೋ ಅದಕ್ಕೆ ಹೊರಡುವ ಏರ್ಪಾಟು ಮಾಡುವುದೂ ನನಗೆ ಅಷ್ಟೇ ಇಷ್ಟ. ಮನೆಯಲ್ಲಿ ಮಾವ, ಅತ್ತೆ, ಯಜಮಾನರು, ಓದುವ ಮಗಳು, ಅವಳಿಗಿಂತ ಚಿಕ್ಕವನಾದ ಮಗ, ಕೊಟ್ಟಿಗೆಯಲ್ಲಿ ಎರಡು ಸೀಮೆ ಹಸು. ಇಷ್ಟು ಜೀವಗಳ ಹೊತ್ತನ್ನೆಲ್ಲ ಹೊಂದಿಸಿ ಒಂದು ದಿನವನ್ನು ಬಿಡಿಸಿಕೊಳ್ಳುವುದಿದೆಯಲ್ಲ, ಅದರಲ್ಲೊಂದು ರುಚಿಯಿದೆ. ಆ ರುಚಿ ಹತ್ತಿದವರಿಗೆ ವೇಳಾಪಟ್ಟಿ ಬಂದ ರಾತ್ರಿಯಿಂದಲೇ ಪಂದ್ಯ ಶುರು.

ಮೊದಲ ಲೆಕ್ಕ ಹಾಲಿನದು. ಬೆಳಿಗ್ಗೆ ಐದಕ್ಕೆಲ್ಲ ಕೊಟ್ಟಿಗೆಯಲ್ಲಿ ಕೂತು ಕರೆದು, ಕ್ಯಾನು ಹಿಡಿದು ಡೇರಿ ಮುಂದೆ ಸಾಲಿನಲ್ಲಿ ನಿಂತು, ಫ್ಯಾಟು ನೋಡಿಸಿ ಬರೆಸಿಕೊಂಡು ಬರುವಷ್ಟರಲ್ಲಿ ಆರೂವರೆ. ಸಂಜೆ ಮತ್ತೆ ಅದೇ. ಈ ಎರಡು ಹೊತ್ತಿನ ನಡುವೆ ಸಿಗುವ ಹಗಲೇ ನಮ್ಮದು. ರಣಜಿ ಪಂದ್ಯ ಬೆಳಿಗ್ಗೆ 9.30ಕ್ಕೆ ಶುರುವಾಗಿ ಸಂಜೆ 4.30ಕ್ಕೆ ಮುಗಿಯುತ್ತದೆ, 90 ಓವರು ಮುಗಿದಿರದಿದ್ದರೆ ಇನ್ನಷ್ಟು ಹೊತ್ತು. ಹಸು ಕಟ್ಟಿದವರ ಮನೆಗೆ ಇದಕ್ಕಿಂತ ಒಗ್ಗುವ ಆಟ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ. ಐಪಿಎಲ್ ಪಂದ್ಯ ರಾತ್ರಿ 7.30ಕ್ಕೆ ಶುರುವಾಗಿ ಹನ್ನೊಂದರ ಮೇಲೆ ಮುಗಿಯುತ್ತದೆ. ಅಷ್ಟು ಹೊತ್ತಿನಲ್ಲಿ ಬೆಂಗಳೂರಿನಿಂದ ಮುದುಕರನ್ನೂ ಮಕ್ಕಳನ್ನೂ ಕರೆದುಕೊಂಡು ತೊಣ್ಣೂರು ಸೇರುವುದು ಹೇಗೆ? ಆದರೂ ಸಂಜೆಯ ಹಾಲಿಗೆ ಒಂದು ಆಸರೆ ಇಟ್ಟುಕೊಂಡೇ ಹೊರಡುತ್ತೇನೆ. ಪಕ್ಕದ ಮನೆಯಾಕೆಯ ಜೊತೆ ನನಗೆ ಮುಯ್ಯಿ ಇದೆ. ಅವಳು ತವರಿಗೆ ಹೋದ ದಿನ ಅವಳ ಹಸು ನನ್ನ ಕೈಗೆ, ನಾನು ಮ್ಯಾಚಿಗೆ ಹೋದ ದಿನ ನನ್ನವು ಅವಳ ಕೈಗೆ.

"ಅದೇನ್ ನೋಡ್ತೀರವ್ವ ಇಡೀ ದಿನ ಬಿಸ್ಲಲ್ ಕೂತ್ಕಂಡು," ಎಂದು ಅತ್ತೆ ಪ್ರತಿ ಸಲ ಕೇಳುತ್ತಾರೆ. ಕೇಳುತ್ತಲೇ ಸೀರೆ ಮಡಿಸಿ ಇಟ್ಟುಕೊಳ್ಳುತ್ತಾರೆ.

ಮುಂದಿನ ಲೆಕ್ಕ ಹೊಲಗದ್ದೆಯದು. ಈಗ ರಣಜಿ ಎರಡು ಕಂತಿನಲ್ಲಿ ನಡೆಯುತ್ತದೆ. ಅಕ್ಟೋಬರ್-ನವೆಂಬರಿನಲ್ಲಿ ಒಂದು, ಜನವರಿ-ಫೆಬ್ರುವರಿಯಲ್ಲಿ ಇನ್ನೊಂದು, ನಡುವೆ ಸೀಮಿತ ಓವರುಗಳ ಪಂದ್ಯಾವಳಿಗಳು. ಮೊದಲ ಕಂತಿಗೆ ಬಿದ್ದರೆ ಭತ್ತ ಇನ್ನೂ ಬಯಲಿನಲ್ಲೇ ಇರುತ್ತದೆ, ಮಳೆಯ ಭಯವೂ ಪೂರ್ತಿ ಹೋಗಿರುವುದಿಲ್ಲ. ಕಬ್ಬಿಗೆ ಕಟಾವಿನ ಸರದಿ ಎಂದು ಬರುತ್ತದೋ ಹೇಳಲಾಗದು. ನನಗೆ ಮೆಚ್ಚು ಸಂಕ್ರಾಂತಿ ಕಳೆದ ಮೇಲಿನ ಪಂದ್ಯವೇ. ಕಣದ ಕೆಲಸ ಮುಗಿದಿರುತ್ತದೆ, ಬೆಳಗಿನ ಚಳಿ ಇನ್ನೂ ಉಳಿದಿರುತ್ತದೆ, ತೊಣ್ಣೂರು ಕೆರೆ ತುಂಬಿದ ವರ್ಷವಾದರೆ ಯಜಮಾನರ ಮುಖವೂ ಗೆಲುವಾಗಿರುತ್ತದೆ. ಒಂದು ದಿನ ರಜ ಕೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಸಿಗದು.

ಇನ್ನು ನಾಲ್ಕರಲ್ಲಿ ಯಾವ ದಿನ ಹೋಗುವುದು? ನಮ್ಮ ಮನೆಯಲ್ಲಿ ಹೆಚ್ಚು ಮಾತು ನಡೆಯುವುದು ಇದರ ಮೇಲೆಯೇ. ಮಗನಿಗೆ ಮೊದಲ ದಿನವೇ ಬೇಕು. ಟಾಸು ನೋಡಬೇಕು, ಹೊಸ ಚೆಂಡು ಮಿಂಚುವುದನ್ನು ನೋಡಬೇಕು, ಮಂಜಿನ ಪಸೆ ಆರುವ ಮುಂಚೆ ವೇಗದವರು ಚೆಂಡನ್ನು ಆಡಿಸುವುದನ್ನು ನೋಡಬೇಕು. ಅವನ ಮಾತಿನಲ್ಲಿ ಇನ್ನೊಂದು ನ್ಯಾಯವೂ ಇದೆ: ಮೊದಲ ದಿನದ ಆಟ ನಡೆದೇ ನಡೆಯುತ್ತದೆ, ನಾಲ್ಕನೆಯ ದಿನದವರೆಗೆ ಪಂದ್ಯ ಉಳಿದಿರುತ್ತದೆಂದು ಯಾರು ಬರೆದುಕೊಟ್ಟಾರು? ಮಾವ ಕೊನೆಯ ದಿನದವರು. ಪಿಚ್ಚು ಒಡೆದು ಧೂಳೆದ್ದು, ಚೆಂಡು ಎಲ್ಲಿ ಬಿದ್ದು ಎತ್ತ ತಿರುಗುತ್ತದೋ ಎಂದು ಬ್ಯಾಟ್ಸ್‌ಮನ್ ಬಗ್ಗಿ ಬಗ್ಗಿ ನೋಡುವ ಆಟವೇ ಅವರಿಗೆ ಆಟ. 1974ರಲ್ಲಿ ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ ಪ್ರಸನ್ನ ಗವಾಸ್ಕರ್ ಅವರನ್ನು ಬೌಲ್ಡ್ ಮಾಡಿದ್ದನ್ನು ರೇಡಿಯೊದಲ್ಲಿ ಕೇಳಿದ ಹುಡುಗ ಅವರು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಹದಿನೈದು ವರ್ಷ ಸತತವಾಗಿ ಟ್ರೋಫಿ ಇಟ್ಟುಕೊಂಡಿದ್ದ ಬಾಂಬೆಯನ್ನು ಕರ್ನಾಟಕ ಅಲ್ಲಿ ತಡೆಯಿತು, ಮುಂದೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ರಣಜಿ ಗೆದ್ದಿತು. ಇದನ್ನು ಮಾವ ಹೇಳಲು ಶುರು ಮಾಡಿದರೆ ನಾವು ಯಾರೂ ಎದ್ದುಹೋಗುವುದಿಲ್ಲ.

ನನ್ನ ಮತ ಮೂರನೆಯ ದಿನಕ್ಕೆ. ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸಿನಲ್ಲಿ ಮುನ್ನಡೆ ಪಡೆದವರಿಗೆ 3 ಅಂಕ, ಇನ್ನೊಬ್ಬರಿಗೆ 1. ಪೂರ್ತಿ ಗೆದ್ದರೆ 6. ಈ ಮುನ್ನಡೆಯ ಜಗ್ಗಾಟ ಎಷ್ಟೋ ಸಲ ಇತ್ಯರ್ಥವಾಗುವುದು ಮೂರನೆಯ ದಿನವೇ. ಆಗ ಹನ್ನೊಂದನೆಯವನು ಹೊಡೆಯುವ ಎರಡು ರನ್ನಿಗೂ ಬೆಲೆಯಿರುತ್ತದೆ. ಅದಾದ ಮೇಲೆ ಎರಡನೆಯ ಇನಿಂಗ್ಸು ಶುರುವಾಗಿ ಮಗನಿಗೆ ಹೊಸ ಚೆಂಡೂ ಸಿಗುತ್ತದೆ, ಸಂಜೆಯ ಹೊತ್ತಿಗೆ ಮಾವನಿಗೆ ಸ್ಪಿನ್ನೂ ಸಿಗುತ್ತದೆ. ಮೊದಲೆರಡು ದಿನ ಮನೆಯಲ್ಲೇ ಕೂತು ಸ್ಕೋರು ಹಿಂಬಾಲಿಸಿ, ಕಥೆಯ ಅರ್ಧ ತಿಳಿದುಕೊಂಡು ಹೋಗಿ ಕೂರುವ ಸುಖವೇ ಬೇರೆ.

ಮಾವ ಸುಮ್ಮನೆ ಸೋಲುವವರಲ್ಲ. ಅವರ ಕೈಯಲ್ಲಿ 2010ರ ಫೈನಲ್ ಇದೆ. ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ಕರ್ನಾಟಕ-ಮುಂಬೈ. ನಮ್ಮವರು ಮೊದಲ ಇನಿಂಗ್ಸಿನಲ್ಲಿ 130ಕ್ಕೆ ಮುಗಿದುಹೋಗಿದ್ದರು. ಎರಡನೆಯ ಇನಿಂಗ್ಸಿನಲ್ಲಿ ಮಿಥುನ್ ಆರು ವಿಕೆಟ್ ತೆಗೆದು ಮುಂಬೈಯನ್ನು 234ಕ್ಕೆ ಕಟ್ಟಿಹಾಕಿದರೂ ಗೆಲ್ಲಲು 338 ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದರು, ಗಣೇಶ್ ಸತೀಶ್ 75. ಗೆದ್ದೇಬಿಟ್ಟೆವು ಎನ್ನುವಾಗ ವಿಕೆಟ್ಟುಗಳು ಉರುಳಿ 331ಕ್ಕೆ ನಿಂತೆವು. 6 ರನ್ನಿನ ಸೋಲು. ಅದು ನಾಲ್ಕನೆಯ ದಿನ, ಜನವರಿ 14, ಸಂಕ್ರಾಂತಿ. ಕೂರಲು ಜಾಗ ಸಿಗದವರು ಮರ ಹತ್ತಿ ನೋಡಿದ ಪಂದ್ಯ ಅದು. "ಆವತ್ತು ಹೋಗ್ದೆ ಇದ್ದೋರು ಇವತ್ಗೂ ಕೈ ಹಿಸುಕ್ಕತಾವ್ರೆ ಕಣವ್ವ," ಎನ್ನುತ್ತಾರೆ ಮಾವ. ಹಬ್ಬದ ದಿನ ಎತ್ತುಗಳಿಗೆ ಮೈತೊಳೆಸಿ ಕಿಚ್ಚು ಹಾಯಿಸುವ ಕೆಲಸ ಬಿಟ್ಟು ಯಾರು ತಾನೆ ಹೋದಾರು? ಆದರೂ ಅವರ ವಾದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಹಾಗಾಗಿ ನಮ್ಮ ಒಪ್ಪಂದ ಹೀಗೆ: ಹೋಗುವುದು ಮೂರನೆಯ ದಿನ, ಆ ಸಂಜೆ ಪಂದ್ಯ ತೂಗುಯ್ಯಾಲೆಯಲ್ಲಿ ಉಳಿದರೆ ಮರುದಿನ ಮಾವನೂ ಮಗನೂ ಇಬ್ಬರೇ ಮತ್ತೆ ಬಸ್ಸು ಹತ್ತಬಹುದು.

ಆ ಮೈದಾನಕ್ಕೆ ಈಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರ ಹೆಸರು. ಹಳೆಯ ಹೆಸರೂ ಬಾಯಲ್ಲಿ ಉಳಿದಿದೆ.

ಹೋಗುವ ದಾರಿಯ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯವಿದೆ: ಹೋಗುವಾಗ ರೈಲು, ಬರುವಾಗ ಬಸ್ಸು. ಬಸ್ಸಿನಲ್ಲಿ ಶಕ್ತಿ ಯೋಜನೆ ಬಂದ 2023ರಿಂದ ಅತ್ತೆಗೆ, ನನಗೆ, ಮಗಳಿಗೆ ಟಿಕೆಟ್ಟಿಗೆ ಕಾಸಿಲ್ಲ; ಆಧಾರ್ ಕಾರ್ಡು ಚೀಲದಲ್ಲಿದ್ದರೆ ಸಾಕು. ಸಂಜೆ ಇಷ್ಟು ಹೊತ್ತಿಗೇ ಆಟ ಬಿಡುತ್ತದೆಂದು ಹೇಳಲಾಗದ ಕಾರಣ, ಒಂದು ತಪ್ಪಿದರೆ ಇನ್ನೊಂದು ಸಿಗುವ ಬಸ್ಸೇ ಮೇಲು. ಬೆಳಿಗ್ಗೆ ಮಾತ್ರ ಪಾಂಡವಪುರ ಸ್ಟೇಷನ್ನಿನಲ್ಲಿ ರೈಲು ಹತ್ತಬೇಕು. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟುವಾಗ ಅತ್ತೆ ಕೈಮುಗಿಯುತ್ತಾರೆ, ಮಾವ ಟಿಪ್ಪುವಿನ ಮದ್ದಿನ ಮನೆಯ ಕಥೆ ತೆಗೆಯುತ್ತಾರೆ. ಜೋಡಿ ಹಳಿ ಹಾಕಲು ಅಡ್ಡವಾಗಿದ್ದ ಆ ಹಳೆಯ ಕಟ್ಟಡವನ್ನು ಒಡೆಯದೆ, 2017ರಲ್ಲಿ ಬುಡಸಮೇತ ಎತ್ತಿ ನೂರು ಮೀಟರಿಗೂ ಆಚೆ ಸರಿಸಿ ಇಟ್ಟರು. ಆಮೇಲೆ ನಾಗನಹಳ್ಳಿ, ಆಮೇಲೆ ಮೈಸೂರು. ಅಲ್ಲಿಂದ ಮಾನಸಗಂಗೋತ್ರಿಗೆ ಆಟೋದಲ್ಲಿ ಸ್ವಲ್ಪವೇ ದೂರ.

ಬುತ್ತಿಯ ವಿಷಯದಲ್ಲಿ ಚರ್ಚೆಗೆ ಎಡೆಯಿಲ್ಲ, ಪುಳಿಯೋಗರೆ. ಮೇಲುಕೋಟೆಯ ಮಗ್ಗುಲಲ್ಲಿದ್ದುಕೊಂಡು ಇನ್ನೇನು ಕಟ್ಟುವುದು? ಗೊಜ್ಜನ್ನು ಎರಡು ದಿನ ಮುಂಚೆಯೇ ಕಾಯಿಸಿಡುತ್ತೇನೆ. ಹುಣಸೆ ರಸ ಕುದಿದು ಕುದಿದು ಗಟ್ಟಿಯಾಗಿ, ಎಣ್ಣೆ ಅಂಚಿಗೆ ಬಿಟ್ಟುಕೊಂಡು, ಸೌಟು ಎತ್ತಿದರೆ ತೊಟ್ಟಿಕ್ಕದೆ ಅಂಟಿ ನಿಲ್ಲಬೇಕು. ಅನ್ನ ಬಿಡಿಬಿಡಿಯಾಗಿ ಆರಿದ ಮೇಲೆ ಕಲಸಿ, ಬಾಳೆಲೆಯಲ್ಲಿ ಕಟ್ಟಿದರೆ ಲಂಚ್ ಬಿಡುವಿನ ಹೊತ್ತಿಗೆ ಖಾರ ಹುಳಿ ಅನ್ನದೊಳಗೆ ಇಳಿದಿರುತ್ತದೆ. ಆ ಬಿಡುವು 11.30ರಿಂದ 12.10ರವರೆಗೆ, ನಲವತ್ತೇ ನಿಮಿಷ. ಟೀ ಬಿಡುವಿಗೆ ಕೋಡುಬಳೆ, ಹುರಿಗಡಲೆ. ಒಳಗೆ ಬುತ್ತಿ ಬಿಡುವುದಿಲ್ಲ ಎಂದರೆ ಹೊರಗೆ ಮರದಡಿ ಉಂಡು ಬರುವುದೆಂದೂ ಮೊದಲೇ ತೀರ್ಮಾನವಾಗಿರುತ್ತದೆ.

ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಹೋಗುವ ಏರ್ಪಾಟೇ ಬೇರೆ. ಆ ಹೆಸರಿನ ಚಿನ್ನಸ್ವಾಮಿಯವರು ನಮ್ಮ ಮಂಡ್ಯದವರು, ವಕೀಲರು, ಭಾರತದ ಕ್ರಿಕೆಟ್ ಮಂಡಳಿಯ ಅಧ್ಯಕ್ಷರೂ ಆಗಿದ್ದವರು. ಹಾಗಾಗಿ ಜಿಲ್ಲೆಯವರಿಗೆ ಅಲ್ಲಿಗೊಮ್ಮೆ ಹೋಗಿಬರುವ ಆಸೆ ಇದ್ದೇ ಇರುತ್ತದೆ. ಹಗಲಿನ ಟೆಸ್ಟ್ ಪಂದ್ಯವಿದ್ದರೆ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಸ್ಟೇಷನ್ನಿನಲ್ಲೇ ಮೆಟ್ರೊ ಹತ್ತಿ ಕಬ್ಬನ್ ಪಾರ್ಕಿನಲ್ಲಿ ಇಳಿಯಬಹುದು. ಆದರೆ 2025ರ ಜೂನ್ 4ರಂದು ಆ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ತೀರಿಕೊಂಡರು. ಹೆಚ್ಚಿನವರು ಎಳೆಯ ವಯಸ್ಸಿನವರು. ಅಂದಿನಿಂದ ನನ್ನ ಏರ್ಪಾಟಿನಲ್ಲಿ ಕೆಲವು ಮಾತು ಕಡ್ಡಾಯವಾಗಿವೆ. ಗೇಟು ಯಾವುದೆಂದು ಟಿಕೆಟ್ಟಿನಲ್ಲಿ ನೋಡಿ ಎಲ್ಲರಿಗೂ ಬಾಯಿಪಾಠ ಮಾಡಿಸುವುದು, ತಪ್ಪಿಹೋದರೆ ಸೇರುವ ಜಾಗ ಗೊತ್ತುಮಾಡುವುದು, ಮಕ್ಕಳ ಜೇಬಿನಲ್ಲಿ ಫೋನ್ ನಂಬರಿನ ಚೀಟಿ ಇಡುವುದು, ಗೇಟಿನ ಮುಂದೆ ಜನ ಒತ್ತಿ ನಿಂತಿದ್ದರೆ ಟಿಕೆಟ್ಟಿನ ಹಣ ಹೋದರೂ ಸರಿ ಎಂದು ಹಿಂದಕ್ಕೆ ತಿರುಗುವುದು. ಮೈಸೂರಿನ ತೆಳುವಾದ ಗುಂಪಿಗೂ ಈ ನಿಯಮ ಅನ್ವಯಿಸುತ್ತದೆ. ಮಕ್ಕಳು ಅಭ್ಯಾಸ ಮಾಡಿಕೊಳ್ಳಲಿ ಎಂದು.

ಒಳಗೆ ಹೋದ ಮೇಲೆ ಎಲ್ಲಿ ಕೂರುವುದು ಎಂಬುದಕ್ಕೂ ನನ್ನಲ್ಲಿ ಉತ್ತರವಿದೆ. ಏರುವ ಇಳಿಯುವ ಸೂರ್ಯ ಬ್ಯಾಟ್ಸ್‌ಮನ್ನನ ಕಣ್ಣಿಗೆ ಹೊಡೆಯದಿರಲೆಂದು ಪಿಚ್ಚನ್ನು ಸಾಮಾನ್ಯವಾಗಿ ಉತ್ತರ ದಕ್ಷಿಣವಾಗಿ ಹಾಕುತ್ತಾರೆ. ಹಾಗಾಗಿ ಪಡುವಣ ಮಗ್ಗುಲಲ್ಲಿ ಕೂತರೆ ಮಧ್ಯಾಹ್ನದ ಮೇಲೆ ಬಿಸಿಲು ಬೆನ್ನಿಗೆ. ಬೆಳಗಿನ ಎಳೆಬಿಸಿಲು ಮುಖಕ್ಕೆ ಬಿದ್ದರೆ ಚಳಿಗೆ ಹಿತವೇ. ಅತ್ತೆಯನ್ನು ಮರದ ನೆರಳು ಸಿಗುವ ಕಡೆ ಕೂರಿಸುತ್ತೇನೆ. ಸ್ಪಿನ್ನರು ಬಂದ ಕೂಡಲೇ ಮಾವ ಎದ್ದು ಸೈಟ್‌ಸ್ಕ್ರೀನಿನ ಪಕ್ಕಕ್ಕೆ ಹೋಗುತ್ತಾರೆ; ಚೆಂಡು ಗಾಳಿಯಲ್ಲಿ ಬಾಗಿ, ಬಿದ್ದು, ತಿರುಗುವುದು ಕಾಣುವುದು ಬೌಲರನ ಬೆನ್ನ ಹಿಂದಿನಿಂದ. ಅಡ್ಡದಿಂದ ನೋಡುವವರಿಗೆ ವೇಗ ಕಾಣುತ್ತದೆ, ತಿರುವು ಕಾಣುವುದಿಲ್ಲ. ಟಿವಿ ನೋಡಿ ಬೆಳೆದ ನನ್ನ ಮಕ್ಕಳಿಗೆ ಇದನ್ನು ತೋರಿಸಿಕೊಟ್ಟವರು ಅವರೇ.

ಕೊನೆಗೆ ಚೀಲಕ್ಕೆ ಹೋಗುವುದು ಸ್ಕೋರು ಬರೆಯುವ ಪುಸ್ತಕ. ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಹಿಂದಿನ ರಾತ್ರಿಯೇ ನಾನೂ ಮಗಳೂ ಸ್ಕೇಲು ಹಿಡಿದು ಮನೆ ಹಾಕುತ್ತೇವೆ: ಎಡ ಪುಟ ಬ್ಯಾಟಿಂಗಿಗೆ, ಬಲ ಪುಟ ಬೌಲಿಂಗಿಗೆ. ರನ್ನಿಲ್ಲದ ಚೆಂಡಿಗೆ ಒಂದು ಚುಕ್ಕೆ. ಓವರಿನ ಆರು ಚುಕ್ಕೆಗಳನ್ನು ಮೇಲೆ ಮೂರು ಕೆಳಗೆ ಮೂರು ಇಟ್ಟರೆ, ಮೇಡನ್ ಆದಾಗ ಅವನ್ನೇ ಸೇರಿಸಿ ಇಂಗ್ಲಿಷಿನ 'ಎಂ' ಎಳೆಯಬಹುದು. ಮಗಳಿಗೆ ಆ ಗೆರೆ ಎಳೆಯುವುದೆಂದರೆ ಪ್ರಾಣ. ಐದು ಚುಕ್ಕೆಯಾದ ಮೇಲೆ ಪೆನ್ಸಿಲು ಎತ್ತಿ ಹಿಡಿದು ಆರನೆಯ ಚೆಂಡಿಗೆ ಕಾಯುತ್ತಾಳೆ. ಬೌಲರು ಬೇರೆ ತಂಡದವನಾದರೂ ಅವಳ ಹಾರೈಕೆ ಅವನಿಗೇ. ಬ್ಯಾಟಿಂಗ್ ಪುಟದ ಒಟ್ಟು ಮೊತ್ತವೂ, ಬೌಲರುಗಳು ಕೊಟ್ಟ ರನ್ನಿಗೆ ಬೈ, ಲೆಗ್ ಬೈ ಕೂಡಿಸಿದ ಮೊತ್ತವೂ ಒಂದೇ ಆಗಬೇಕು. ಪ್ರತಿ ಬಿಡುವಿನಲ್ಲೂ ತಾಳೆ ನೋಡುತ್ತೇವೆ. ಒಂದು ರನ್ನು ಹೆಚ್ಚುಕಮ್ಮಿ ಬಂದರೂ ಮಗಳು ಬಿಡುವುದಿಲ್ಲ. ಬಸ್ಸಿನಲ್ಲಿ ಮಾವನ ಪಕ್ಕ ಕೂತು ಓವರು ಓವರಾಗಿ ಹಿಂದಕ್ಕೆ ಹೋಗುತ್ತಾಳೆ. "ಅದು ಲೆಗ್ ಬೈ ಕಣವ್ವ, ಅಂಪೈರು ಕಾಲ್ ಮುಟ್ಕಂಡ್ನಲ್ಲ," ಎಂದು ಮಾವ ಹೇಳಿದಾಗ ಲೆಕ್ಕ ಕೂಡುತ್ತದೆ. ಅಷ್ಟರಲ್ಲಿ ಪಾಂಡವಪುರ ಬಂದಿರುತ್ತದೆ, ನಾನು ಪಕ್ಕದ ಮನೆಯಾಕೆಗೆ ಫೋನು ಮಾಡಿ ಹಾಲು ಡೇರಿಗೆ ಹೋಯಿತಾ ಎಂದು ಕೇಳುತ್ತಿರುತ್ತೇನೆ.