ಮಳೆಗಾಲದಲ್ಲಿ ರೇನ್‌ಕೋಟ್ ಸಿಗದ ಶಿವಾಜಿನಗರ

ಶಿವಾಜಿನಗರ ಎಂದರೆ ನಮ್ಮವರಿಗೆ ತಕ್ಷಣ ನೆನಪಾಗುವುದು ಬೆಂಗಳೂರಿನದು. ರಸೆಲ್ ಮಾರ್ಕೆಟ್ಟು, ಬಸ್ ನಿಲ್ದಾಣ, ರಂಜಾನ್ ರಾತ್ರಿಯ ತಿಂಡಿ ಬೀದಿ. ನಾನು ಹೇಳಹೊರಟಿರುವುದು ಪುಣೆಯ ಶಿವಾಜಿನಗರದ ವಿಷಯ. ಇದರ ಹಳೆಯ ಹೆಸರು ಭಾಂಬುರ್ಡೆ. ಪೇಶ್ವೆಗಳ ಪುಣೆಗೆ ಮುಠಾ ನದಿಯ ಆಚೆಯ ಹಳ್ಳಿಯಾಗಿದ್ದ ಜಾಗ ಈಗ ಊರಿನ ನಟ್ಟನಡುವೆ ಇದೆ. ರೈಲು ನಿಲ್ದಾಣ, ನ್ಯಾಯಾಲಯ, ಮಹಾನಗರಪಾಲಿಕೆ, ವಿಶ್ವೇಶ್ವರಯ್ಯನವರು ಓದಿದ ಇಂಜಿನಿಯರಿಂಗ್ ಕಾಲೇಜು ಎಲ್ಲ ಇಲ್ಲೇ.

ಕನ್ನಡದವರಿಗೆ ಇಲ್ಲಿ ಪರಕೀಯತೆ ಅಷ್ಟಾಗಿ ಕಾಡುವುದಿಲ್ಲ. ಜಂಗಲಿ ಮಹಾರಾಜ ರಸ್ತೆಯ ಪಕ್ಕದಲ್ಲೇ ಪಾತಾಳೇಶ್ವರ ಗುಹಾಲಯ ಇದೆ. ಎಂಟನೆಯ ಶತಮಾನದಲ್ಲಿ ಬಂಡೆ ಕೊರೆದು ಮಾಡಿದ್ದು, ಮುಂದೆ ದುಂಡನೆಯ ನಂದಿಮಂಟಪ. ಅದು ರಾಷ್ಟ್ರಕೂಟರ ಕಾಲದ್ದು. ಮುಂದೆ ನಮ್ಮ ಮಳಖೇಡವನ್ನು ರಾಜಧಾನಿ ಮಾಡಿಕೊಂಡ ವಂಶ. ಅಲ್ಲಿಂದ ಫರ್ಗ್ಯುಸನ್ ಕಾಲೇಜು ರಸ್ತೆಗೆ ನಡೆದರೆ ತುಳುನಾಡಿನಿಂದ ಬಂದ ಜಗನ್ನಾಥ ಶೆಟ್ಟರು ಬೆಳೆಸಿದ ವೈಶಾಲಿ ಹೋಟೆಲು. ಭಾನುವಾರ ಬೆಳಿಗ್ಗೆ ಅದರ ಮುಂದೆ ಕಾಯುವ ಜನರ ನಡುವೆ ನಾಲ್ಕು ಕನ್ನಡದ ಮಾತು ಕಿವಿಗೆ ಬೀಳದಿದ್ದರೆ ಆಶ್ಚರ್ಯ.

ಶಿವಾಜಿನಗರಕ್ಕೆ ಇನ್ನೊಂದು ಹೆಚ್ಚುಗಾರಿಕೆಯಿದೆ. ಪುಣೆಯ ಪತ್ರಿಕೆಗಳಲ್ಲಿ ಹವಾಮಾನದ ಸುದ್ದಿ ನೋಡಿ. ಪಾಷಾಣದಲ್ಲಿ ಇಷ್ಟು ಡಿಗ್ರಿ, ಲೋಹಗಾಂವದಲ್ಲಿ ಇಷ್ಟು ಎಂದು ಬರೆದಿದ್ದರೂ, ‘ಪುಣೆಯ ತಾಪಮಾನ’ ಎಂದು ಜನ ತಿಳಿಯುವುದು ಶಿವಾಜಿನಗರದ ಅಂಕಿಯನ್ನೇ. ಕಾರಣ, ಹವಾಮಾನ ಇಲಾಖೆಯ ಕಚೇರಿ ಇರುವುದು ಇಲ್ಲಿ. 1875ರಲ್ಲಿ ಹುಟ್ಟಿದ ಈ ಇಲಾಖೆಯ ಮುಖ್ಯ ಕಚೇರಿ ಶಿಮ್ಲಾದಲ್ಲಿತ್ತು; 1928ರಲ್ಲಿ ಪುಣೆಗೆ ಬಂತು. ಮುಂದೆ ಅದು ದಿಲ್ಲಿಗೆ ಹೋದರೂ ಗಡಿಯಾರದ ಗೋಪುರವಿರುವ ಕಟ್ಟಡಕ್ಕೆ ‘ಸಿಮ್ಲಾ ಆಫೀಸ್’ ಎಂಬ ಹೆಸರೇ ನಿಂತಿತು. ಬಸ್ ಕಂಡಕ್ಟರು ಏಪ್ರಿಲ್‌ನ ಸುಡುಬಿಸಿಲಿನಲ್ಲಿ ‘ಸಿಮ್ಲಾ ಆಫೀಸ್, ಸಿಮ್ಲಾ ಆಫೀಸ್’ ಎಂದು ಕೂಗುವುದನ್ನು ಕೇಳಿದಾಗ ಹೊಸಬರಿಗೆ ನಗು ಬರುತ್ತದೆ. ಪಕ್ಕದಲ್ಲೇ 1907ರಲ್ಲಿ ಶುರುವಾದ ಕೃಷಿ ಕಾಲೇಜು. ಬೆಳೆಗೂ ಹವೆಗೂ ಇರುವ ಸಂಬಂಧವನ್ನು ಅಧ್ಯಯನ ಮಾಡುವ ಇಲಾಖೆಯ ವಿಭಾಗ 1932ರಲ್ಲಿ ಪುಣೆಯಲ್ಲೇ ಆರಂಭವಾಯಿತು.

ಹೀಗೆ ಇಡೀ ದೇಶಕ್ಕೆ ಮಳೆ ಯಾವಾಗ, ಎಷ್ಟು ಎಂದು ಲೆಕ್ಕ ಹಾಕಿದ ಬಡಾವಣೆ ಇದು. ಇದೇ ಬಡಾವಣೆಯಲ್ಲಿ ಹದಿನೈದು ನಿಮಿಷ ನಡೆದು ಅಂಗಡಿಬೀದಿಗೆ ಹೋದರೆ ಕಾಲಮಾನವೇ ಬೇರೆ.

ಅಲ್ಲಿಯ ವರ್ಷ ಹೇಗೆ ಸಾಗುತ್ತದೆ ನೋಡಿ. ಸಂಕ್ರಾಂತಿಯ ಎಳ್ಳು ಬಾಯಲ್ಲಿರುವಾಗಲೇ ಗಾಜಿನ ಹಿಂದೆ ತೋಳಿಲ್ಲದ ಹತ್ತಿಯ ಅಂಗಿಗಳು. ಏಪ್ರಿಲ್‌ನಲ್ಲಿ, ನೆಲ ಕಾದು ಚಪ್ಪಲಿ ಸುಡುವಾಗ, ಬಣ್ಣಬಣ್ಣದ ರೇನ್‌ಕೋಟು, ಗಮ್‌ಬೂಟು. ಜೂನ್ ಕೊನೆಗೆ ‘ಸೀಸನ್ ಮುಗಿಯಿತು’ ಎಂಬ ರಿಯಾಯಿತಿ ಫಲಕ. ಗಣಪತಿ ಇನ್ನೂ ಕೂತಿರುವುದಿಲ್ಲ, ಆಗಲೇ ದೀಪಾವಳಿಯ ಆಕಾಶಬುಟ್ಟಿ ನೇತಾಡುತ್ತದೆ. ದೀಪಾವಳಿಗೆ ಮಗುವಿಗೊಂದು ಜರಿಯಂಗಿ ಎಂದು ಹೋದರೆ ಕ್ರಿಸ್‌ಮಸ್ ಮರ. ಡಿಸೆಂಬರ್ ಕೊನೆಗೆ ಪುಣೆಯ ಚಳಿ ಹತ್ತು ಡಿಗ್ರಿಯ ಆಸುಪಾಸಿಗೆ ಇಳಿದು ಬೆಚ್ಚನೆಯದೇನಾದರೂ ಬೇಕೆನಿಸುವಾಗ ಸ್ವೆಟರಿನ ಕಪಾಟಿನಲ್ಲಿ ಉಳಿದಿರುವುದು ಯಾರಿಗೂ ಬೇಡವಾದ ಅಳತೆಗಳು.

ಇದನ್ನು ಬರೀ ಗೊಣಗಾಟ ಎಂದು ತಳ್ಳಿಹಾಕಬೇಡಿ. ಒಂದು ಜುಲೈ ತಿಂಗಳಲ್ಲಿ ನಮ್ಮ ಪರಿಚಯದ ಹುಡುಗಿಯೊಬ್ಬಳು ಕಲಬುರಗಿಯಿಂದ ಓದಲು ಬಂದಳು. ಕಲಬುರಗಿಯ ಮಳೆ ಗೊತ್ತಲ್ಲ, ಬಂದರೆ ಸುರಿದು ಹೋಗುತ್ತದೆ. ಪುಣೆಯದು ಹಾಗಲ್ಲ. ಜುಲೈಯಲ್ಲಿ ಬೆಳಿಗ್ಗೆ ಶುರುವಾದ ಹನಿ ಸಂಜೆಯಾದರೂ ನಿಲ್ಲುವುದಿಲ್ಲ. ಜೋರೂ ಇಲ್ಲ, ಬಿಡುವೂ ಇಲ್ಲ. ಮೇಲಾಗಿ ಇದು ಸ್ಕೂಟರುಗಳ ಊರು. ಗಾಡಿಯ ಮೇಲೆ ಕೊಡೆ ಹಿಡಿಯಲಾಗುವುದಿಲ್ಲ, ಮೈತುಂಬ ರೇನ್‌ಕೋಟೇ ಬೇಕು. ಅವಳನ್ನು ಕರೆದುಕೊಂಡು ಮೂರು ದೊಡ್ಡ ಅಂಗಡಿ ಹತ್ತಿ ಇಳಿದೆ. ಮೂರನೆಯದರಲ್ಲಿ ಹುಡುಗನೊಬ್ಬ ತಣ್ಣಗೆ ಹೇಳಿದ: ‘ಸೀಸನ್ ಸಂಪಲಾ.’ ಸೀಸನ್ ಮುಗಿಯಿತು! ಹೊರಗೆ ಮಳೆ ಸುರಿಯುತ್ತಿತ್ತು. ಬಾಗಿಲ ಬಳಿ ಕೊಡೆಗಳಿಂದ ಇಳಿದ ನೀರು ಒರೆಸಲು ಒಬ್ಬಾಕೆಯನ್ನು ನಿಲ್ಲಿಸಿದ್ದರು. ರೇನ್‌ಕೋಟು ಇದ್ದ ಜಾಗದಲ್ಲಿ ಹಬ್ಬದ ಕುರ್ತಾಗಳಿದ್ದವು.

ಆಗ ನನಗೆ ಹೊಳೆದದ್ದು ಇಷ್ಟು. ಏಪ್ರಿಲ್‌ನಲ್ಲಿ ರೇನ್‌ಕೋಟು ಕೊಳ್ಳುವವರು ಯಾರು? ಜೂನ್‌ನಲ್ಲಿ ಇದೇ ಊರಿನಲ್ಲಿ, ಇದೇ ಮನೆಯಲ್ಲಿ ಇರುತ್ತೇವೆ ಎಂದು ಗೊತ್ತಿರುವವರು. ಎರಡು ತಿಂಗಳ ಮುಂಚಿನ ಖರ್ಚಿಗೆ ಇಂದೇ ದುಡ್ಡು ತೆಗೆದಿಡಬಲ್ಲವರು. ಇಡಲು ಕಪಾಟು ಇರುವವರು. ಹೊಸಬರು ಬರುವುದೇ ಜೂನ್, ಜುಲೈಯಲ್ಲಿ. ಕಾಲೇಜು ಶುರುವಾಗುವುದು ಆಗ, ಹಿಂಜೆವಾಡಿಯ ಕಂಪನಿಗಳಿಗೆ ಹೊಸ ಹುಡುಗರು ಸೇರುವುದೂ ಹೆಚ್ಚಾಗಿ ಆಗಲೇ. ಇನ್ನು ವಿಜಯಪುರ, ಕಲಬುರಗಿ, ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಬಂದವರ ಕೈಗೆ ವಾರಕ್ಕೊಮ್ಮೆ ಕೂಲಿ ಸೇರುತ್ತದೆ. ಅವರಿಗೆ ತಾಡಪತ್ರಿ ಬೇಕಾಗುವುದು ತಗಡು ಸೋರತೊಡಗಿದ ದಿನ. ಮುಂಗಡವಾಗಿ ಕೊಳ್ಳುವುದು ನೆಲೆ ನಿಂತವರಿಗೆ ಸಾಧ್ಯವಾಗುವ ಅನುಕೂಲ. ಅಂಗಡಿ ಆ ಅನುಕೂಲವನ್ನೇ ನಿಯಮ ಮಾಡಿದರೆ ವಲಸೆ ಬಂದವರೆಲ್ಲ ಪ್ರತಿ ಕಾಲಕ್ಕೂ ತಡವಾಗಿ ಬಂದವರೇ ಆಗುತ್ತಾರೆ.

ಅಂಗಡಿಯವರ ಕಷ್ಟವೂ ಇದೆ, ಇಲ್ಲವೆನ್ನಲಾರೆ. ಈ ರಸ್ತೆಗಳಲ್ಲಿ ಬಾಡಿಗೆ ಚದರಡಿಯ ಲೆಕ್ಕದಲ್ಲಿ. ಮಾರಾಟವಾಗದೆ ಉಳಿದ ಒಂದು ರೇನ್‌ಕೋಟು ಮುಂದಿನ ಮಳೆಗಾಲದವರೆಗೆ ಜಾಗ ತಿನ್ನುತ್ತದೆ. ಮಾಲಿಗೆ ಆರ್ಡರು ಕೊಡುವುದು ತಿಂಗಳುಗಟ್ಟಲೆ ಮುಂಚೆ. ಖಾಲಿಯಾಯಿತೆಂದು ನಡುವೆ ತರಿಸಿದರೆ ಬರುವಷ್ಟರಲ್ಲಿ ಮಳೆ ನಿಂತಿರುತ್ತದೆ. ಹಾಗಾಗಿ ಕಡಿಮೆ ತರಿಸು, ಬೇಗ ಇಡು, ಬೇಗ ಖಾಲಿ ಮಾಡು ಎಂಬುದೇ ಜಾಣತನ. ಇದರ ಮೇಲೆ ಬಟ್ಟೆ ವ್ಯಾಪಾರದ ವರ್ಷವನ್ನು ಎರಡೇ ಭಾಗ ಮಾಡಿದ್ದಾರೆ: ವಸಂತ-ಬೇಸಿಗೆ, ಶರತ್ಕಾಲ-ಚಳಿಗಾಲ. ಇದು ಯುರೋಪು, ಅಮೆರಿಕದ ಹವೆಗೆ ಹೊಂದುವ ಲೆಕ್ಕ. ನಾಲ್ಕು ತಿಂಗಳು ಮಳೆ ಬರುವ ನಾಡಿಗೆ ಆ ಲೆಕ್ಕದಲ್ಲಿ ಖಾನೆಯೇ ಇಲ್ಲ. ನಮ್ಮ ಮಳೆಗಾಲ ಅವರ ಎರಡು ಸೀಸನ್‌ಗಳ ನಡುವಿನ ರಿಯಾಯಿತಿ ಮಾರಾಟದ ಕಾಲವಾಗಿಬಿಟ್ಟಿದೆ.

ಹಬ್ಬವನ್ನು ಮುಂದೆ ಎಳೆಯುವ ಚಟವೂ ಹೊಸದಲ್ಲ. ಅಮೆರಿಕದಲ್ಲಿ 1939ರಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ ನವೆಂಬರ್ 30ಕ್ಕೆ ಬಿದ್ದಿತ್ತು. ಅದಾದ ಮೇಲೇ ಕ್ರಿಸ್‌ಮಸ್ ಖರೀದಿ ಶುರುವಾಗುವ ರೂಢಿಯಿದ್ದುದರಿಂದ ವ್ಯಾಪಾರದ ದಿನಗಳು ಕಡಿಮೆಯಾದವೆಂದು ವರ್ತಕರು ಮೊರೆಯಿಟ್ಟರು. ಅಧ್ಯಕ್ಷ ರೂಸ್‌ವೆಲ್ಟ್ ಹಬ್ಬವನ್ನೇ ಒಂದು ವಾರ ಹಿಂದಕ್ಕೆ, 23ಕ್ಕೆ ತಂದರು. ಸುಮಾರು ಅರ್ಧದಷ್ಟು ರಾಜ್ಯಗಳು ಒಪ್ಪಲಿಲ್ಲ. ಒಂದೇ ದೇಶದಲ್ಲಿ ಎರಡು ದಿನ ಹಬ್ಬ. ಕೊನೆಗೆ 1941ರಲ್ಲಿ ಸಂಸತ್ತು ನವೆಂಬರ್‌ನ ನಾಲ್ಕನೆಯ ಗುರುವಾರ ಎಂದು ಗೊತ್ತುಮಾಡಿತು. ಅಲ್ಲಿ ಕನಿಷ್ಠ ಜಗಳವಾದರೂ ಆಯಿತು. ನಾವು ಸುಮ್ಮನೆ ಆಕಾಶಬುಟ್ಟಿ ಕೊಂಡುಬರುತ್ತೇವೆ.

ಹಾಗೆಂದು ಮುಂಚಿತವಾಗಿ ಮಾಡುವುದೆಲ್ಲ ತಪ್ಪು ಎಂದಲ್ಲ. ನಮ್ಮ ಅಜ್ಜಿಯಂದಿರು ಏಪ್ರಿಲ್‌ನಲ್ಲಿ ಹಪ್ಪಳ, ಸಂಡಿಗೆ ಒಣಗಿಸುತ್ತಿದ್ದುದು ಮಳೆಗಾಲಕ್ಕೇ. ಮಲೆನಾಡಿನವರು ಸೌದೆ ಕೂಡಿಡುತ್ತಿದ್ದುದೂ ಅದಕ್ಕೇ. ಮರಾಠಿಯವರು ಇದೇ ಕೆಲಸಕ್ಕೆ ‘ವಾಳವಣ’ ಎನ್ನುತ್ತಾರೆ. ಹಳೆಯ ವಾಡೆಗಳ ಮಾಳಿಗೆಯಲ್ಲಿ ಇಂದಿಗೂ ಬಿಳಿ ಬಟ್ಟೆಯ ಮೇಲೆ ಹಪ್ಪಳ ಕಾಣುತ್ತದೆ. ರಾಯಗಡ ಜಿಲ್ಲೆಯ ಪೇಣ್‌ನಲ್ಲಿ ಗಣಪತಿ ಮಾಡುವವರು ವರ್ಷವಿಡೀ ಮಣ್ಣು ಮೆತ್ತುತ್ತಾರೆ, ಇಲ್ಲದಿದ್ದರೆ ಅಷ್ಟು ಊರಿಗೆ ಮೂರ್ತಿ ಒದಗಿಸುವುದು ಹೇಗೆ? ದೀಪಾವಳಿ ವಿಶೇಷಾಂಕಗಳ ಕೆಲಸವೂ ತಿಂಗಳ ಮುಂಚೆಯೇ ಶುರು. ಆದರೆ ಏಪ್ರಿಲ್‌ನಲ್ಲಿ ಒಣಗಿಸಿದ ಸಂಡಿಗೆ ಜುಲೈಯಲ್ಲಿ ಡಬ್ಬಿಯಲ್ಲಿರುತ್ತಿತ್ತು. ಅಂಗಡಿಯವನು ಏಪ್ರಿಲ್‌ನಲ್ಲಿ ಇಟ್ಟ ರೇನ್‌ಕೋಟು ಜುಲೈಯಲ್ಲಿರುವುದಿಲ್ಲ. ನನ್ನ ತಕರಾರು ಬೇಗ ತರುವುದರ ಮೇಲಲ್ಲ, ಬೇಕಾದ ಹೊತ್ತಿಗೆ ತೆಗೆದುಬಿಡುವುದರ ಮೇಲೆ.

ಸಿಮ್ಲಾ ಆಫೀಸಿನವರೂ ಮುಂಚಿತವಾಗಿಯೇ ಹೇಳುವವರು. ಮುಂಗಾರಿನ ಮೊದಲ ಅಧಿಕೃತ ದೀರ್ಘಾವಧಿ ಮುನ್ಸೂಚನೆ ಹೊರಬಂದದ್ದು 1886ರ ಜೂನ್ 4ರಂದು. ಈಗ ಏಪ್ರಿಲ್‌ನಲ್ಲಿ ಒಂದು ಅಂದಾಜು ಕೊಡುತ್ತಾರೆ, ಮೇ ಕೊನೆಗೆ ತಿದ್ದುತ್ತಾರೆ. ಮಳೆ ಶುರುವಾದ ಮೇಲೂ ಬಿಟ್ಟುಹೋಗುವುದಿಲ್ಲ. ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ರೈತರಿಗೆ ಸಲಹೆ ಹೋಗುತ್ತದೆ. ಲೆಕ್ಕ ಮುಗಿಯುವುದು ಸೆಪ್ಟೆಂಬರ್ 30ಕ್ಕೆ.

ನಮ್ಮ ಪಂಚಾಂಗದಲ್ಲೂ ಇಂಥದೇ ಕಾಳಜಿಯಿದೆ. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ, ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಹಾಗೇ ಬಿಟ್ಟರೆ ಹಬ್ಬಗಳು ವರ್ಷ ವರ್ಷ ಮುಂದೋಡಿ, ಗಣಪತಿ ಬಿರುಬೇಸಿಗೆಯಲ್ಲಿ ಬಂದು ಕೂರುತ್ತಾನೆ. ಅದಕ್ಕೇ ಮೂರು ವರ್ಷ ತುಂಬುವ ಮೊದಲು ಒಂದು ಅಧಿಕ ಮಾಸ ಸೇರಿಸಿದರು. 2022ರಲ್ಲಿ ಚೌತಿ ಆಗಸ್ಟ್ 31ಕ್ಕಿತ್ತು. 2023ರಲ್ಲಿ ಅಧಿಕ ಶ್ರಾವಣ ಬಂದು ಸೆಪ್ಟೆಂಬರ್ 19ಕ್ಕೆ ಹೋಯಿತು. ಓಡುವ ಹಬ್ಬವನ್ನು ಹಿಡಿದು ಋತುವಿಗೆ ಕಟ್ಟಿಹಾಕುವ ಉಪಾಯ ಇದು. ಕನ್ನಡಿಗರಿಗೂ ಮರಾಠಿಗರಿಗೂ ಪಂಚಾಂಗದ ಪದ್ಧತಿ ಒಂದೇ. ನಾವು ಮೃಗಶಿರ ಮಳೆ ಎಂದರೆ ಅವರು ‘ಮೃಗ್’ ಎನ್ನುತ್ತಾರೆ, ಇಬ್ಬರಿಗೂ ಜೂನ್ 7ರ ಆಸುಪಾಸು. ಪರವೂರಿನಲ್ಲಿ ಇದೊಂದು ದೊಡ್ಡ ಸಮಾಧಾನ. ಆ ಸಮಾಧಾನವನ್ನು ಗಾಜಿನ ಕಿಟಕಿಗಳು ಸ್ವಲ್ಪ ಸ್ವಲ್ಪವಾಗಿ ಕಿತ್ತುಕೊಳ್ಳುತ್ತಿವೆ. ಮಕ್ಕಳು ‘ಈಗ ಯಾವ ಹಬ್ಬ?’ ಎಂದು ಕೇಳುವುದು ಅಂಗಡಿ ನೋಡಿಯೇ, ಮತ್ತು ಉತ್ತರ ಪ್ರತಿಸಲ ತಪ್ಪಾಗಿರುತ್ತದೆ.

ಕಾಲದ ಜೊತೆಗೇ ಇರುವ ವ್ಯಾಪಾರಿಗಳು ಇನ್ನೂ ಇದ್ದಾರೆ. ಶಿವಾಜಿನಗರದ ಫುಟ್‌ಪಾತಿನಲ್ಲಿ ತಂಪು ಕನ್ನಡಕ ಮಾರುವವನು ನಾಲ್ಕು ಹನಿ ಬಿದ್ದ ಅರ್ಧ ಗಂಟೆಯಲ್ಲಿ ಕೊಡೆ, ಪ್ಲಾಸ್ಟಿಕ್ ಹೊದಿಕೆ ಹರಡುತ್ತಾನೆ. ಅಂದು ಆ ಹುಡುಗಿಗೆ ರೇನ್‌ಕೋಟು ಸಿಕ್ಕಿದ್ದೂ ಇಂಥವನ ಬಳಿಯೇ. ಅಂಚು ಸ್ವಲ್ಪ ಒರಟು, ಆದರೆ ಎರಡು ಮಳೆಗಾಲ ಬಾಳಿತು. ಚಳಿಗೆ ಟಿಬೆಟನ್ನರ ಸ್ವೆಟರ್ ಅಂಗಡಿಗಳಿವೆ. ನಮ್ಮ ಮುಂಡಗೋಡ, ಬೈಲಕುಪ್ಪೆಗಳಲ್ಲಿ 1960ರ ದಶಕದಿಂದ ನೆಲೆ ನಿಂತ ಟಿಬೆಟನ್ ಕುಟುಂಬಗಳಲ್ಲಿ ಎಷ್ಟೋ ಮಂದಿಗೆ ಇದೇ ಚಳಿಗಾಲದ ಕಸುಬು. ಊರೂರಿಗೆ ಹೋಗಿ ಸಾಲಾಗಿ ಅಂಗಡಿ ಹಾಕುತ್ತಾರೆ, ಚಳಿ ಇರುವಷ್ಟು ಕಾಲ ಇದ್ದು ಹಿಂತಿರುಗುತ್ತಾರೆ. ಅಂಥ ಅಂಗಡಿ ಕಂಡರೆ ಕನ್ನಡದಲ್ಲಿ ಮಾತಾಡಿಸಿ ನೋಡಿ, ಒಮ್ಮೊಮ್ಮೆ ಅಚ್ಚಗನ್ನಡದಲ್ಲೇ ಉತ್ತರ ಬರುತ್ತದೆ.

ಮಳೆಯೂ ಯಾವಾಗಲೂ ಹೇಳಿದಂತೆ ಕೇಳುವುದಿಲ್ಲ ಎನ್ನಿ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ತಲುಪಿ, 26ಕ್ಕೆ ಮುಂಬಯಿಗೆ ಬಂತು. ಆ ವರ್ಷ ಏಪ್ರಿಲ್‌ನಲ್ಲಿ ರೇನ್‌ಕೋಟು ಕೊಂಡವರು ಬುದ್ಧಿವಂತರೆನಿಸಿಕೊಂಡರು. ಆದರೆ ಬೇಗ ಬಂದ ಮಳೆ ಬೇಗ ಹೋಗುತ್ತದೆಂದು ಭರವಸೆಯೇನಿಲ್ಲ. ಜುಲೈಯ ಹನಿ ಜುಲೈಯಲ್ಲೂ ಬೀಳುತ್ತದೆ, ಆಗಲೂ ಯಾರೋ ಒಬ್ಬರು ಹೊಸದಾಗಿ ಊರಿಗೆ ಬಂದಿಳಿದಿರುತ್ತಾರೆ.

ಅಂಗಡಿಯವರಲ್ಲಿ ನಾನು ಕೇಳುವುದು ದೊಡ್ಡದೇನಲ್ಲ. ಕುರ್ತಾ ಇಡಿ, ಆಕಾಶಬುಟ್ಟಿ ಇಡಿ. ಮೂಲೆಯಲ್ಲಿ ಒಂದೇ ಒಂದು ಕಂಬಿಯಲ್ಲಿ ಎಲ್ಲ ಅಳತೆಯ ರೇನ್‌ಕೋಟನ್ನು ಸೆಪ್ಟೆಂಬರ್ 30ರವರೆಗೆ ಬಿಡಿ. ಪಕ್ಕದ ಸಿಮ್ಲಾ ಆಫೀಸಿನವರ ಲೆಕ್ಕವೂ ಅದೇ ದಿನಕ್ಕೆ ಮುಗಿಯುತ್ತದೆ. ಮತ್ತು ನಿಮ್ಮ ಮನೆಯ ಮಗುವೋ, ಗೆಳೆಯರ ಮಗುವೋ ಈ ಜೂನ್‌ನಲ್ಲಿ ಪುಣೆಗೆ ಓದಲು ಬರುವುದಿದ್ದರೆ, ಚಟ್ನಿಪುಡಿಯ ಡಬ್ಬಿಯ ಜೊತೆ ಊರಿನಿಂದಲೇ ಒಂದು ಒಳ್ಳೆಯ ರೇನ್‌ಕೋಟು ಕಟ್ಟಿ ಕಳಿಸಿ. ಮರೆತಿರಾದರೆ ದೊಡ್ಡ ಅಂಗಡಿಗಳನ್ನು ಹತ್ತಿಳಿಯುವುದು ಬೇಡ, ಶಿವಾಜಿನಗರದ ಫುಟ್‌ಪಾತಿಗೆ ಬರಹೇಳಿ.