ಮಾಗಡಿಯ ಹೆಬ್ಬಾತುಗಳು

ಗದಗ ಜಿಲ್ಲೆಯ ಮಾಗಡಿ ಕೆರೆಯನ್ನು ನಾವು ಕಂಡುದು ಚಳಿಗಾಲದ ಒಂದು ಮುಂಜಾವಿನಲ್ಲಿ. ನೀರಿನ ತುಂಬ ಪಟ್ಟೆತಲೆಯ ಹೆಬ್ಬಾತುಗಳು. ಬಿಳಿಯ ತಲೆಯ ಹಿಂಬದಿಗೆ ಎರಡು ಕರಿಯ ಪಟ್ಟೆ. ಲಡಾಖದ ಶೀತಲ ಮರುಭೂಮಿಯಲ್ಲಿ, ಸುಮಾರು 4,500 ಮೀಟರು ಎತ್ತರದ ತ್ಸೊ ಮೊರಿರಿ ಸರೋವರದ ಬಳಿಯಲ್ಲಿ, ಈ ಜಾತಿಯ ಹಕ್ಕಿಗಳು ಮರಿಮಾಡುವುವು. ಹಿಮಾಲಯವನ್ನೇ ದಾಟಬಲ್ಲ ರೆಕ್ಕೆಗಳಿಗೆ ನಮ್ಮ ಬಯಲುಸೀಮೆಯ ಕೆರೆಯೊಂದು ಬೀಡಾದುದು ಸೋಜಿಗವಲ್ಲವೆ?

ಹಗಲು ಕೆರೆಯಲ್ಲಿ ವಿಶ್ರಮಿಸಿ, ಇರುಳು ಹೊಲಗಳಲ್ಲಿ ಮೇಯುವುದು ಇವುಗಳ ವಾಡಿಕೆ. ತೊಡಕಿರುವುದು ಅಲ್ಲಿಯೇ. ತ್ಸೊ ಮೊರಿರಿ 2002ರಲ್ಲಿಯೂ ಮಾಗಡಿ 2024ರಲ್ಲಿಯೂ ರಾಮ್ಸಾರ್ ಪಟ್ಟಿಗೆ ಸೇರಿದವು, ನಿಜ. ಆದರೆ ಪಟ್ಟಿಯು ರೈತನ ಕಣಜವನ್ನು ತುಂಬದು. ಬೆಳೆನಷ್ಟಕ್ಕೆ ಪರಿಹಾರವಿಲ್ಲದೆ ಹಕ್ಕಿಯನ್ನು ಸೈರಿಸೆಂದು ಅವನಿಗೆ ಹೇಳಲು ನಮಗೆಲ್ಲಿಯ ಅಧಿಕಾರ?

ನಮ್ಮ ಗುಂಡುಮಾಲಿನ ವಿದ್ಯಾರ್ಥಿಗಳು ಅಲ್ಲಿಗೆ ಹೋಗಬೇಕು. ಸದ್ದಿಲ್ಲದೆ, ದೂರದಿಂದ ನೋಡಬೇಕು. ಬೇಸಗೆಯ ರಜೆಗೆಂದು ಕಾದರೆ ಹೆಬ್ಬಾತುಗಳು ದೊರೆಯವು.